ಮುಖದ ದೊಡ್ಡ ಗಾಯಗಳು ಮತ್ತು ಮರುರಚನೆ: ಓದುಗರ ಪ್ರಶ್ನೆಗಳಿಗೆ ಶಸ್ತ್ರವೈದ್ಯರ ಉತ್ತರ

ಮುಖಕ್ಕೆ ಬಿದ್ದ ದೊಡ್ಡ ಪೆಟ್ಟಿನ ಅನಂತರ ನಡೆಯುವ ಶಸ್ತ್ರಚಿಕಿತ್ಸೆಯ ಬಗ್ಗೆ ಕೆಲವು ತಿಂಗಳಿಂದ ಬಂದ ಪತ್ರಗಳಲ್ಲಿ ಏಳನ್ನು ಆರಿಸಿಕೊಂಡಿದ್ದೇನೆ. ಬರೆದವರ ಹೆಸರುಗಳನ್ನು ಬಿಟ್ಟಿದ್ದೇನೆ. ರೋಗಿಯನ್ನು ಕಣ್ಣಾರೆ ನೋಡದೆ ಹೇಳುವ ಮಾತುಗಳಿವು. ಚಿಕಿತ್ಸೆ ಕೊಡುತ್ತಿರುವ ವೈದ್ಯರ ಮಾತಿಗೂ ನನ್ನ ಮಾತಿಗೂ ವ್ಯತ್ಯಾಸ ಕಂಡರೆ ಅವರನ್ನೇ ಕೇಳಿ ಸ್ಪಷ್ಟಪಡಿಸಿಕೊಳ್ಳಿ.

ಪ್ರಶ್ನೆ: ನನ್ನ ತಮ್ಮನಿಗೆ ಇಪ್ಪತ್ತಾರು ವರ್ಷ. ಎರಡು ತಿಂಗಳ ಹಿಂದೆ ಬೆಳಗಿನ ಜಾವ ಶೇಂಗಾ ಹೊಲಕ್ಕೆ ಹೋದಾಗ ಕರಡಿ ಮೇಲೆ ಬಿದ್ದು ಮುಖವನ್ನೆಲ್ಲ ಹರಿದುಹಾಕಿತು. ಮೂಗು ಹೋಗಿದೆ, ಮೇಲ್ದುಟಿ ಸೀಳಿದೆ, ಎಡಗಣ್ಣಿನ ಕೆಳರೆಪ್ಪೆ ಕೆಳಕ್ಕೆ ಎಳೆದುಕೊಂಡಿದೆ. ಜೀವ ಉಳಿಸಿದ ವೈದ್ಯರು ಇನ್ನೂ ನಾಲ್ಕೈದು ಆಪರೇಷನ್ ಬೇಕು, ಒಂದೂವರೆ ವರ್ಷ ಹಿಡಿಯುತ್ತದೆ ಎನ್ನುತ್ತಾರೆ. ಒಂದೇ ಸಲಕ್ಕೆ ಏಕೆ ಮುಗಿಸಬಾರದು? ಅವನ ಮೊದಲಿನ ಮುಖ ಮತ್ತೆ ಬರುತ್ತದೆಯೇ?
— ವಿಜಯನಗರ ಜಿಲ್ಲೆಯ ಓದುಗರು

ಉತ್ತರ: ಬಳ್ಳಾರಿ, ವಿಜಯನಗರ, ಕೊಪ್ಪಳ, ತುಮಕೂರು ಜಿಲ್ಲೆಗಳ ಕುರುಚಲು ಗುಡ್ಡಗಳ ಅಂಚಿನ ಊರುಗಳಿಗೆ ಈ ಗಾಯ ಹೊಸದಲ್ಲ. ಹುತ್ತ ಅಗೆದು ಗೆದ್ದಲು ತಿನ್ನಲು ಬೆಳೆದ ಉದ್ದನೆಯ ಉಗುರುಗಳು ಕರಡಿಗಿವೆ. ಹತ್ತಿರದಲ್ಲಿ ಮನುಷ್ಯನನ್ನು ಕಂಡು ಬೆದರಿದಾಗ ಅದು ಅನೇಕ ಸಲ ಎದ್ದು ನಿಂತು ನೇರವಾಗಿ ತಲೆಗೂ ಮುಖಕ್ಕೂ ಕೈಹಾಕುತ್ತದೆ. ಹಾಗಾಗಿ ಚರ್ಮ, ಮೃದ್ವಸ್ಥಿ, ಮೂಳೆ, ನರ ಎಲ್ಲವೂ ಒಂದೇ ಗಾಯದಲ್ಲಿ ಹರಿದುಹೋಗಿರುತ್ತವೆ, ಜೊತೆಗೆ ಮಣ್ಣೂ ಎಂಜಲೂ ಸೇರಿರುತ್ತವೆ. ಮೊದಲು ಒಂದು ಮಾತು ವಿಚಾರಿಸಿಕೊಳ್ಳಿ: ರೇಬೀಸ್ ಲಸಿಕೆಯ ಎಲ್ಲ ಸೂಜಿಗಳೂ ಮುಗಿದಿವೆಯೇ? ಗಾಯದ ಗಾಬರಿಯಲ್ಲಿ ಮನೆಯವರು ಕೊನೆಯ ಒಂದೆರಡು ಸೂಜಿಗಳನ್ನು ಮರೆಯುವುದುಂಟು.

ಒಂದೇ ಸಲಕ್ಕೆ ಏಕೆ ಮುಗಿಸುವುದಿಲ್ಲ ಎಂಬುದನ್ನು ಮೂಗಿನ ಉದಾಹರಣೆಯಿಂದ ಹೇಳುತ್ತೇನೆ. ಮೂಗಿಗೆ ಮೂರು ಪದರಗಳಿವೆ: ಹೊರಗೆ ಚರ್ಮ, ನಡುವೆ ಮೂಳೆ ಮತ್ತು ಮೃದ್ವಸ್ಥಿಯ ಹಂದರ, ಒಳಗೆ ತೇವದ ತೆಳುಪದರ. ನೋಡುವವರಿಗೆ ಹೊರಚರ್ಮವೇ ಮೂಗು. ಮಾಡುವವರಿಗೆ ಕಷ್ಟ ಕೊಡುವುದು ಒಳಪದರ. ರಕ್ತಸಂಚಾರವುಳ್ಳ ಒಳಪದರವಿಲ್ಲದೆ ಹಂದರ ಕಟ್ಟಿದರೆ ಅದಕ್ಕೆ ಸೋಂಕು ತಗಲುತ್ತದೆ, ಹಂದರವಿಲ್ಲದೆ ಚರ್ಮ ಹೊದಿಸಿದರೆ ಅದು ಕೆಲವು ತಿಂಗಳಲ್ಲಿ ಕುಗ್ಗಿ ಮುದುಡಿ ಉಸಿರಾಟದ ದಾರಿಯನ್ನೇ ಮುಚ್ಚುತ್ತದೆ. ಆದ್ದರಿಂದ ಒಳಪದರವನ್ನು ಅಕ್ಕಪಕ್ಕದ ಅಂಗಾಂಶದಿಂದಲೋ ಮುಂಗೈಯ ತೆಳುಚರ್ಮದಿಂದಲೋ ಒದಗಿಸಿ, ಪಕ್ಕೆಲುಬಿನ ಅಥವಾ ಕಿವಿಯ ಮೃದ್ವಸ್ಥಿಯಿಂದ ಹಂದರ ಕೊಟ್ಟು, ಹಣೆಯ ಚರ್ಮವನ್ನು ಮೇಲೆ ಹೊದಿಸುತ್ತಾರೆ. ಹಣೆಯ ಚರ್ಮವನ್ನೇ ಆರಿಸುವುದಕ್ಕೆ ಕಾರಣವಿದೆ: ಬಣ್ಣದಲ್ಲಿಯೂ ದಪ್ಪದಲ್ಲಿಯೂ ಮೂಗಿಗೆ ಅಷ್ಟು ಹೊಂದುವ ಚರ್ಮ ಮೈಯಲ್ಲಿ ಬೇರೆಲ್ಲೂ ಸಿಗುವುದಿಲ್ಲ.

ಹಣೆಯಿಂದ ಎತ್ತಿದ ಆ ಚರ್ಮದ ಪಟ್ಟಿಯನ್ನು ಪೂರ್ತಿ ಕತ್ತರಿಸುವುದಿಲ್ಲ. ಹುಬ್ಬಿನ ಒಳತುದಿಯಲ್ಲಿ ಮೇಲೇರುವ ರಕ್ತನಾಳವನ್ನು ಉಳಿಸಿಕೊಂಡು, ಪಟ್ಟಿಯನ್ನು ತಿರುಗಿಸಿ ಮೂಗಿನ ಜಾಗಕ್ಕೆ ಹೊಲಿಯುತ್ತಾರೆ. ಮೂಗಿನ ಕಡೆಯಿಂದ ಹೊಸ ರಕ್ತನಾಳಗಳು ಬೆಳೆದು ಕೂಡಿಕೊಳ್ಳಲು ಸುಮಾರು ಮೂರು ವಾರ ಬೇಕು. ಅಲ್ಲಿಯವರೆಗೆ ಹಣೆಯಿಂದ ಮೂಗಿಗೆ ಮಾಂಸದ ಸೇತುವೆಯೊಂದು ಇಳಿಬಿದ್ದಿರುತ್ತದೆ, ಹುಬ್ಬುಗಳ ನಡುವೆ ಆನೆಯ ಸೊಂಡಿಲು ಹುಟ್ಟಿದಂತೆ ಕಾಣುತ್ತದೆ. ಇದನ್ನು ಮನೆಯವರಿಗೆ ಮೊದಲೇ ಹೇಳದಿದ್ದರೆ ಬ್ಯಾಂಡೇಜು ಬಿಚ್ಚಿದ ದಿನ ಆಪರೇಷನ್ ಕೆಟ್ಟಿತೆಂದು ಎದೆಗುಂದುತ್ತಾರೆ. ಅನಂತರ ಸೇತುವೆಯನ್ನು ಕತ್ತರಿಸುತ್ತಾರೆ, ಕೆಲವು ತಿಂಗಳ ಮೇಲೆ ದಪ್ಪವನ್ನು ತೆಳುಗೊಳಿಸುತ್ತಾರೆ. ಕರಡಿಯ ಉಗುರು ಹಣೆಯನ್ನೂ ಸೀಳಿದ್ದರೆ ಈ ದಾರಿ ಅಷ್ಟು ಸುಲಭವಲ್ಲ. ಆಗ ಮುಂಗೈಯ ಚರ್ಮವನ್ನು ರಕ್ತನಾಳದ ಸಮೇತ ತರುತ್ತಾರೆ.

ಮೂಗಿಗೆ ಕಾಯುವಷ್ಟು ಪುರುಸೊತ್ತು ಕಣ್ಣಿಗಿಲ್ಲ. ಕೆಳರೆಪ್ಪೆ ಮೇಲೇರದೆ ಕಣ್ಣು ಪೂರ್ತಿ ಮುಚ್ಚದಿದ್ದರೆ ಕಪ್ಪುಗುಡ್ಡೆಯ ಮೇಲಿನ ಪಾರದರ್ಶಕ ಪೊರೆ ಒಣಗಿ ಹುಣ್ಣಾಗುತ್ತದೆ, ಆ ಹುಣ್ಣು ದೃಷ್ಟಿಯನ್ನೇ ಕಸಿಯಬಲ್ಲದು. ರಾತ್ರಿ ಮುಲಾಮು ಹಾಕಿ ಕಣ್ಣು ಮುಚ್ಚಿ ಟೇಪು ಅಂಟಿಸುವುದನ್ನು ವೈದ್ಯರು ಹೇಳಿಕೊಟ್ಟಿದ್ದರೆ ಒಂದು ರಾತ್ರಿಯೂ ತಪ್ಪಿಸಬೇಡಿ, ಹೇಳಿಲ್ಲದಿದ್ದರೆ ಈ ವಾರವೇ ಕಣ್ಣಿನ ವೈದ್ಯರನ್ನು ಕಾಣಿಸಿ. ತುಟಿಯದ್ದು ಅದರ ಮುಂದಿನ ಸರದಿ. ಸೀಳಿದ ತುಟಿ ಕೂಡದೆ ಪ, ಬ, ಮ ಅಕ್ಷರಗಳು ಹೊರಡುವುದಿಲ್ಲ, ಬಾಯಲ್ಲಿಟ್ಟ ನೀರು ನಿಲ್ಲುವುದಿಲ್ಲ. ತುಟಿಯ ಕೆಂಪು ಮತ್ತು ಚರ್ಮ ಕೂಡುವ ಗೆರೆ ಒಂದು ಮಿಲಿಮೀಟರಿನಷ್ಟು ತಪ್ಪಿದರೂ ಎದುರಿಗಿದ್ದವರ ಕಣ್ಣು ಅಲ್ಲಿಗೇ ಹೋಗುವುದರಿಂದ ಈ ಚಿಕ್ಕ ಕೆಲಸಕ್ಕೆ ವೈದ್ಯರು ದೊಡ್ಡ ಹೊತ್ತು ತೆಗೆದುಕೊಳ್ಳುತ್ತಾರೆ.

ಮೊದಲಿನ ಮುಖ ಬರುವುದಿಲ್ಲ. ಇದನ್ನು ಬರೆಯಲು ನನಗೆ ಹಿತವಿಲ್ಲ, ಆದರೆ ಬರುತ್ತದೆ ಎಂದು ಹೇಳಿ ಕಳಿಸಿದ ರೋಗಿಗಳು ಮೂರನೆಯ ಆಪರೇಷನ್ನಿಗೆ ತಿರುಗಿ ಬರದೆ ಅರ್ಧ ಕಟ್ಟಿದ ಮೂಗಿನೊಡನೆ ಉಳಿದುಬಿಟ್ಟದ್ದನ್ನು ಕಂಡಿದ್ದೇನೆ. ನಿಮ್ಮ ತಮ್ಮನ ಪರವಾಗಿ ನೀವು ವೈದ್ಯರನ್ನು ಕೇಳಬೇಕಾದದ್ದು ಬೇರೆ: ಮೂಗಿನಿಂದ ಉಸಿರಾಡುತ್ತಾನೆಯೇ, ಕಣ್ಣು ಮುಚ್ಚುತ್ತದೆಯೇ, ಮದುವೆಮನೆಯ ಪಂಕ್ತಿಯಲ್ಲಿ ಕುಳಿತು ಸಾರು ಸೋರದಂತೆ ಉಣ್ಣುತ್ತಾನೆಯೇ, ಬಸ್ಸಿನಲ್ಲಿ ಜನ ಒಮ್ಮೆ ನೋಡಿ ಸುಮ್ಮನಾಗುವಷ್ಟಾದರೂ ಆಗುತ್ತದೆಯೇ? ಈ ಪ್ರಶ್ನೆಗಳಿಗೆ ಬಹಳಷ್ಟು ಸಲ ಹೌದು ಎನ್ನುವ ಉತ್ತರ ಸಿಗುತ್ತದೆ.

ಖರ್ಚಿನ ಬಗ್ಗೆ ಒಂದು ಮಾತು. ಕಾಡುಪ್ರಾಣಿಯಿಂದ ಗಾಯವಾದವರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ. ವಲಯ ಅರಣ್ಯಾಧಿಕಾರಿಯ ಕಚೇರಿಗೆ ಅರ್ಜಿ ಕೊಡುವಾಗ ಆಸ್ಪತ್ರೆಯ ದಾಖಲೆಗಳ ಜೊತೆಗೆ ಮುಂದೆ ಆಗಬೇಕಾದ ಶಸ್ತ್ರಚಿಕಿತ್ಸೆಗಳ ಅಂದಾಜನ್ನೂ ಬರೆಸಿಕೊಂಡು ಹೋಗಿ. ಬಿಪಿಎಲ್ ಕಾರ್ಡ್ ಇದ್ದರೆ 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ.

ಪ್ರಶ್ನೆ: ಮಗ ಹೆಲ್ಮೆಟ್ ಇಲ್ಲದೆ ಬೈಕಿನಲ್ಲಿ ಹೋಗಿ ಬಿದ್ದು ಮುಖದ ಮೂಳೆಗಳು ಹಲವು ಕಡೆ ಮುರಿದವು. ಆರು ದಿನ ಕಾಯಿಸಿ ಆಪರೇಷನ್ ಮಾಡಿದರು. ಅದಕ್ಕೆ ಮೊದಲು ಅವನ ಹಳೆಯ ಫೋಟೊ, ಅದೂ ಹಲ್ಲು ಬಿಟ್ಟು ನಗುತ್ತಿರುವುದನ್ನೇ ತರಿಸಿದರು. ಈಗ ಮೇಲಿನ ಹಲ್ಲು, ಕೆಳಗಿನ ಹಲ್ಲು ಸೇರಿಸಿ ತಂತಿ ಕಟ್ಟಿದ್ದಾರೆ. ಬಾಯಿಯೇ ತೆರೆಯದ ಹುಡುಗನಿಗೆ ನಾನು ಏನು ಉಣಿಸಲಿ?
— ಒಬ್ಬ ತಾಯಿ, ಹಾಸನ

ಉತ್ತರ: ಫೋಟೊ ಕೇಳಿದ ವೈದ್ಯರು ಒಳ್ಳೆಯ ವೈದ್ಯರು. ಮುಖದ ಮೂಳೆಗಳು ಚೂರಾದಾಗ ಯಾವ ತುಂಡು ಎಲ್ಲಿತ್ತು ಎಂದು ತಿಳಿಯಲು ನಮಗಿರುವ ನಂಬಿಕೆಯ ಗುರುತು ಹಲ್ಲುಗಳ ಕಚ್ಚು. ಮೇಲಿನ ಹಲ್ಲುಸಾಲು ಕೆಳಗಿನದರ ಮೇಲೆ ಹೇಗೆ ಕೂರುತ್ತಿತ್ತೋ ಹಾಗೆ ಕೂರಿಸಿದರೆ ಎರಡೂ ದವಡೆಗಳು ತಮ್ಮ ಜಾಗಕ್ಕೆ ಬರುತ್ತವೆ, ದವಡೆಯ ಆಧಾರದಿಂದ ಕೆನ್ನೆಯೆಲುಬು, ಕಣ್ಣುಗೂಡು, ಮೂಗಿನ ಬುಡ ಒಂದೊಂದಾಗಿ ಕೂಡುತ್ತವೆ. ಹುಟ್ಟಿನಿಂದಲೇ ಹಲ್ಲು ಮುಂದಿದ್ದವರಿಗೆ ಪುಸ್ತಕದ ಚಿತ್ರದಂತೆ ಕಚ್ಚು ಕೂರಿಸಿದರೆ ದವಡೆ ತಪ್ಪು ಜಾಗದಲ್ಲಿ ಬೆಸೆದುಕೊಳ್ಳುತ್ತದೆ. ಅದಕ್ಕೇ ನಗುವ ಫೋಟೊ ಬೇಕು. ಆಧಾರ್ ಕಾರ್ಡಿನ ಚಿತ್ರ ಇದಕ್ಕೆ ಏನೇನೂ ಪ್ರಯೋಜನವಿಲ್ಲ.

ಆರು ದಿನ ಕಾದದ್ದೂ ಸರಿಯೇ. ಉಸಿರಿನ ದಾರಿ ಕಾಪಾಡುವುದು, ರಕ್ತ ನಿಲ್ಲಿಸುವುದು, ಮೆದುಳಿಗೂ ಕತ್ತಿನ ಮೂಳೆಗೂ ಪೆಟ್ಟಾಗಿದೆಯೇ ಎಂದು ನೋಡುವುದು ಮೊದಲ ದಿನದ ಕೆಲಸ. ಮುಖದ ಮೂಳೆಯನ್ನು ಊತ ಇಳಿದ ಮೇಲೆ, ಆದರೆ ತಪ್ಪಾಗಿ ಬೆಸೆದುಕೊಳ್ಳುವುದಕ್ಕೆ ಮುಂಚೆ, ಸಾಮಾನ್ಯವಾಗಿ ಎರಡು ವಾರಗಳೊಳಗೆ ಕೂಡಿಸುತ್ತಾರೆ. ಫ್ರಾನ್ಸಿನ ರೆನೆ ಲೆ ಫೋರ್ ಎಂಬ ಶಸ್ತ್ರವೈದ್ಯ ಶವಗಳ ತಲೆಗೆ ಬೇರೆ ಬೇರೆ ದಿಕ್ಕಿನಿಂದ ಪೆಟ್ಟು ಕೊಟ್ಟು, ನಡುಮುಖ ಮನಸ್ಸಿಗೆ ಬಂದಂತೆ ಒಡೆಯದೆ ಮೂರು ಮುಖ್ಯ ಗೆರೆಗಳಲ್ಲಿ ಒಡೆಯುತ್ತದೆ ಎಂದು 1901ರಲ್ಲಿ ತೋರಿಸಿದ. ನಿಮ್ಮ ಮಗನ ಕಾಗದದಲ್ಲಿ ಲೆ ಫೋರ್ 1, 2 ಅಥವಾ 3 ಎಂದು ಬರೆದಿದ್ದರೆ ಅದು ಆ ಗೆರೆಯ ಹೆಸರು. ಒಳಗಿಟ್ಟಿರುವ ಟೈಟಾನಿಯಂ ಪ್ಲೇಟು ಮತ್ತು ಸ್ಕ್ರೂಗಳನ್ನು ತೊಂದರೆ ಕೊಡದಿದ್ದರೆ ತೆಗೆಯಬೇಕಾಗಿಲ್ಲ.

ಊಟದ ಮಾತಿಗೆ ಬರೋಣ. ತಂತಿ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಇರುತ್ತದೆ. ಕೊನೆಯ ದವಡೆಹಲ್ಲಿನ ಹಿಂದೆ ಇರುವ ಸಂದಿಯಿಂದ ತೆಳುವಾದದ್ದೆಲ್ಲ ಒಳಗೆ ಹೋಗುತ್ತದೆ. ಸೋಸಿದ ರಾಗಿ ಅಂಬಲಿ, ತುಪ್ಪ ಹಾಕಿದ ಬೇಳೆಕಟ್ಟು, ಹಾಲಿನಲ್ಲಿ ಕದಡಿದ ಹುರಿಗಡಲೆ ಹಿಟ್ಟು, ಮಜ್ಜಿಗೆ, ಮಾಂಸ ತಿನ್ನುವವರಾದರೆ ಸೋಸಿದ ಸೂಪು, ಇವನ್ನು ದಿನಕ್ಕೆ ಆರು ಸಲ ಕೊಡಿ. ಗಂಜಿಯ ತಿಳಿಯೊಂದನ್ನೇ ಕೊಡುವ ತಾಯಂದಿರಿದ್ದಾರೆ. ಅದರಲ್ಲಿ ನೀರೇ ಹೆಚ್ಚು, ಹುಡುಗ ಸೊರಗುತ್ತಾನೆ, ಮೂಳೆ ಕೂಡುವುದೂ ತಡವಾಗುತ್ತದೆ. ವಾರಕ್ಕೊಮ್ಮೆ ತೂಕ ನೋಡಿ. ಪ್ರತಿ ಸಲ ಉಣಿಸಿದ ಮೇಲೆ ಉಪ್ಪುನೀರಿನಲ್ಲಿ ಬಾಯಿ ತೊಳೆಸಿ, ಮೃದುವಾದ ಬ್ರಷ್ಷಿನಿಂದ ಹಲ್ಲಿನ ಹೊರಮೈ ಉಜ್ಜಿಸಿ. ತಂತಿ ಕತ್ತರಿಸುವ ಇಕ್ಕುಳವನ್ನು ಆಸ್ಪತ್ರೆಯವರು ಕೊಟ್ಟಿದ್ದರೆ ಅದು ಹಗಲೂ ರಾತ್ರಿಯೂ ಹುಡುಗನ ಕೈಗೆ ಎಟುಕುವಲ್ಲಿರಲಿ. ವಾಂತಿ ಬಂದರೆ ಮುಂದಕ್ಕೆ ಬಗ್ಗಿಸಿ, ಉಸಿರು ಕಟ್ಟುವಂತಾದರೆ ಯಾವ ತಂತಿ ಕತ್ತರಿಸಬೇಕೆಂದು ಈಗಲೇ ಕೇಳಿ ತಿಳಿದಿಟ್ಟುಕೊಳ್ಳಿ. ತಂತಿ ಬಿಚ್ಚಿದ ದಿನ ಬಾಯಿ ಒಂದು ಬೆರಳಿನಷ್ಟೂ ತೆರೆಯದಿದ್ದರೆ ಗಾಬರಿ ಬೇಡ. ದಿನವೂ ಅಭ್ಯಾಸ ಮಾಡಿಸಿ, ಅವನದೇ ಮೂರು ಬೆರಳು ಒಂದರ ಮೇಲೊಂದಿಟ್ಟು ಹಿಡಿಸುವಷ್ಟು ಬಾಯಿ ತೆರೆಯಬೇಕು.

ಪ್ರಶ್ನೆ: ಕಲ್ಲಿನ ಕ್ವಾರಿಯಲ್ಲಿ ಸಿಡಿಮದ್ದು ಸಿಡಿದು ನನ್ನ ಭಾವನ ಕೆಳದವಡೆಯ ಮುಂಭಾಗವೇ ಹೋಗಿದೆ. ಕಾಲಿನ ಮೂಳೆ ತೆಗೆದು ದವಡೆ ಮಾಡುತ್ತೇವೆ ಎನ್ನುತ್ತಾರೆ. ಮುಖದ ಜೊತೆಗೆ ಕಾಲೂ ಹೋಗುವುದಿಲ್ಲವೇ?
— ಉಡುಪಿ ಜಿಲ್ಲೆಯ ಓದುಗರು

ಉತ್ತರ: ಕಾಲು ಹೋಗುವುದಿಲ್ಲ. ಮೊಣಕಾಲಿನ ಕೆಳಗೆ ಎರಡು ಮೂಳೆಗಳಿವೆ. ದಪ್ಪನೆಯದು ಮೈಭಾರದ ಬಹುಪಾಲನ್ನು ಹೊರುತ್ತದೆ. ಹೊರಬದಿಯ ತೆಳ್ಳನೆಯದು ಫಿಬ್ಯುಲಾ. ಮಂಡಿಯ ಬಳಿ ಮತ್ತು ಹರಡಿನ ಬಳಿ ಐದಾರು ಸೆಂಟಿಮೀಟರು ಉಳಿಸಿದರೆ ನಡುವಿನ ಭಾಗವನ್ನು ತೆಗೆದರೂ ನಡಿಗೆಗೆ ತೊಂದರೆ ಕಡಿಮೆ. ಕೆಲವು ವಾರ ಕುಂಟು, ಹೆಬ್ಬೆರಳನ್ನು ಎತ್ತುವುದರಲ್ಲಿ ಸ್ವಲ್ಪ ನಿಶ್ಶಕ್ತಿ ಇರಬಹುದು.

ಮೂಳೆಯನ್ನು ಬರಿಯ ಮೂಳೆಯಾಗಿ ತಂದಿಟ್ಟರೆ ಇಷ್ಟು ದೊಡ್ಡ ಗಾಯದಲ್ಲಿ ಅದು ಉಳಿಯುವುದಿಲ್ಲ. ಆದ್ದರಿಂದ ಅದಕ್ಕೆ ಅಂಟಿಕೊಂಡ ಧಮನಿ, ಸಿರೆ ಮತ್ತು ಬೇಕಾದರೆ ಮೇಲಿನ ಚರ್ಮದ ತುಂಡಿನ ಸಮೇತ ಎತ್ತಿ, ದವಡೆಯ ಬಾಗಿಗೆ ಹೊಂದುವಂತೆ ಎರಡು ಮೂರು ಕಡೆ ಕೊಯ್ದು ಬಗ್ಗಿಸಿ, ಪ್ಲೇಟಿನಿಂದ ಬಿಗಿದು, ರಕ್ತನಾಳಗಳನ್ನು ಕತ್ತಿನ ರಕ್ತನಾಳಗಳಿಗೆ ಸೂಕ್ಷ್ಮದರ್ಶಕದ ಕೆಳಗೆ ಹೊಲಿಯುತ್ತಾರೆ. ನಾಳದ ಅಗಲ ಎರಡು ಮೂರು ಮಿಲಿಮೀಟರು, ದಾರ ತಲೆಗೂದಲಿಗಿಂತ ಸಣ್ಣದು. ಫಿಬ್ಯುಲಾವನ್ನು ರಕ್ತನಾಳದೊಡನೆ ಹೀಗೆ ಸಾಗಿಸುವ ವಿಧಾನವನ್ನು 1975ರಲ್ಲಿ ಆಸ್ಟ್ರೇಲಿಯದ ಇಯಾನ್ ಟೇಲರ್ ಕಾಲಿನ ಗಾಯಕ್ಕಾಗಿ ವರದಿ ಮಾಡಿದರು; 1989ರಲ್ಲಿ ಅಮೆರಿಕದ ಡೇವಿಡ್ ಹಿಡಾಲ್ಗೊ ಅದನ್ನೇ ಕೆಳದವಡೆಗೆ ಬಳಸಿ ತೋರಿಸಿದರು. ಇಂದು ಇದು ದೊಡ್ಡ ಆಸ್ಪತ್ರೆಗಳಲ್ಲಿ ರೂಢಿಯ ಕೆಲಸ, ದವಡೆಯ ಕ್ಯಾನ್ಸರ್ ರೋಗಿಗಳಿಗೆ ಮಾಡಿ ಮಾಡಿ ಪಳಗಿದ ಕೈಗಳು ನಮ್ಮಲ್ಲಿವೆ. ಗಾಯ ಚೆನ್ನಾಗಿ ಮಾಗಿದ ಮೇಲೆ ಅದೇ ಮೂಳೆಯಲ್ಲಿ ಹಲ್ಲು ನೆಡುವುದೂ ಸಾಧ್ಯ.

ಮೊದಲ ಎರಡು ಮೂರು ದಿನ ನರ್ಸುಗಳು ಗಂಟೆಗೊಮ್ಮೆ ಬಂದು ಚರ್ಮದ ಬಣ್ಣ, ಬಿಸಿ ನೋಡುತ್ತಾರೆ. ನಾಳದಲ್ಲಿ ರಕ್ತ ಹೆಪ್ಪುಗಟ್ಟಿದರೆ ನಡುರಾತ್ರಿಯಾದರೂ ಮತ್ತೆ ಒಳಗೆ ಕರೆದೊಯ್ಯುತ್ತಾರೆ. ಕೆಲವು ಗಂಟೆಗಳೊಳಗೆ ತೆರೆದು ಸರಿಪಡಿಸಿದರೆ ಉಳಿಸುವ ಅವಕಾಶವಿದೆ. ನಿಮ್ಮ ಭಾವ ಬೀಡಿ, ಸಿಗರೇಟು, ಗುಟ್ಕಾ ಯಾವುದನ್ನು ಬಳಸುತ್ತಿದ್ದರೂ ಇಂದೇ ಬಿಡಿಸಿ. ನಿಕೋಟಿನ್ ನಾಳಗಳನ್ನು ಕುಗ್ಗಿಸುತ್ತದೆ.

ಪ್ರಶ್ನೆ: ಟಿಪ್ಪು ಸುಲ್ತಾನನ ಕಾಲದ ಯುದ್ಧದಲ್ಲಿ ಮೂಗು ಕಳೆದುಕೊಂಡವನೊಬ್ಬನ ಕಥೆಯಿಂದ ಇಂಗ್ಲೆಂಡಿನವರು ಪ್ಲಾಸ್ಟಿಕ್ ಸರ್ಜರಿ ಕಲಿತರೆಂದು ಕೇಳಿದ್ದೇನೆ. ನಿಜವೇ?
— ಇತಿಹಾಸದ ಅಧ್ಯಾಪಕರು, ಮಂಡ್ಯ

ಉತ್ತರ: ಮೂಗಿನ ಮಟ್ಟಿಗೆ ನಿಜ. ಮೂರನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೈನ್ಯಕ್ಕೆ ಎತ್ತು ಹೊಡೆಯುತ್ತಿದ್ದ ಕಾವಸ್ಜಿ ಎಂಬ ಮರಾಠಾ ಸೀಮೆಯವನು 1792ರಲ್ಲಿ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕು ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ಸುಮಾರು ಒಂದು ವರ್ಷದ ಮೇಲೆ ಪುಣೆಯ ಬಳಿ ಇಟ್ಟಿಗೆ ಮಾಡುವ ಜಾತಿಯವನೊಬ್ಬ ಅವನಿಗೆ ಹಣೆಯ ಚರ್ಮದಿಂದ ಹೊಸ ಮೂಗು ಕಟ್ಟಿದ. ಇದರ ವರದಿ ಚಿತ್ರಸಹಿತ ಲಂಡನ್ನಿನ ಜೆಂಟಲ್‌ಮನ್ಸ್ ಮ್ಯಾಗಜೀನ್ ಪತ್ರಿಕೆಯ 1794ರ ಅಕ್ಟೋಬರ್ ಸಂಚಿಕೆಯಲ್ಲಿ ಬಂತು. ಮೇಣದ ತೆಳುಹಾಳೆಯನ್ನು ಮೂಗಿನ ಬುಡಕ್ಕೆ ಹೊಂದಿಸಿ, ಅದನ್ನು ಚಪ್ಪಟೆ ಮಾಡಿ ಹಣೆಯ ಮೇಲಿಟ್ಟು ಗೆರೆ ಎಳೆದು, ಕಣ್ಣುಗಳ ನಡುವೆ ಒಂದು ಎಳೆ ಉಳಿಸಿ ಚರ್ಮ ಬಿಡಿಸಿ ತಿರುಗಿಸಿದ ವಿವರ ಅದರಲ್ಲಿದೆ. ಹೊಲಿಗೆ ಇರಲಿಲ್ಲ, ವೀಳ್ಯದೊಡನೆ ಮೆಲ್ಲುವ ಕಾಚನ್ನು ನೀರಿನಲ್ಲಿ ಕಲಸಿ ಬಟ್ಟೆಯ ಪಟ್ಟಿಗೆ ಸವರಿ ಅಂಟಿಸಿದ್ದ. ಆ ಎಳೆಯನ್ನು ಕತ್ತರಿಸುವುದು ಇಪ್ಪತ್ತೈದನೆಯ ದಿನದ ಸುಮಾರಿಗೆ. ಮೇಲೆ ಮೊದಲ ಪತ್ರಕ್ಕೆ ಉತ್ತರಿಸುವಾಗ ಹೇಳಿದ ಮೂರು ವಾರಗಳ ಲೆಕ್ಕಕ್ಕೂ ಇದಕ್ಕೂ ಹೆಚ್ಚು ಅಂತರವಿಲ್ಲ. ಆ ಬರಹದಲ್ಲಿ ಮೂಗು ಕಳೆದುಕೊಂಡವನ ಹೆಸರಿದೆ, ಕಟ್ಟಿದವನ ಹೆಸರಿಲ್ಲ; ಅದೇ ವೃತ್ತಿಯವನಾದ ನನಗೆ ಅದು ಇಂದಿಗೂ ಚುಚ್ಚುತ್ತದೆ.

ಇದನ್ನು ಓದಿದ ಜೋಸೆಫ್ ಕಾರ್ಪ್ಯೂ ಎಂಬ ಶಸ್ತ್ರವೈದ್ಯ 1814ರಲ್ಲಿ ಲಂಡನ್ನಿನಲ್ಲಿ ಹಾಗೆಯೇ ಮಾಡಿ 1816ರಲ್ಲಿ ಪುಸ್ತಕ ಬರೆದ. ಆದರೆ ಎಲ್ಲವನ್ನೂ ನಾವೇ ಕಲಿಸಿದೆವೆಂದು ಪಾಠದಲ್ಲಿ ಹೇಳಬೇಡಿ: ಸುಶ್ರುತಸಂಹಿತೆಯಲ್ಲಿ ಎಲೆಯಿಂದ ಅಳತೆ ತೆಗೆದು ಕೆನ್ನೆಯ ಚರ್ಮದಿಂದ ಮೂಗು ಮಾಡುವ ವಿಧಾನವಿದೆ, ಇಟಲಿಯ ತಾಲ್ಯಾಕೋತ್ಸಿ 1597ರಲ್ಲಿಯೇ ತೋಳಿನ ಚರ್ಮದಿಂದ ಮೂಗು ಮಾಡುವ ಪುಸ್ತಕ ಪ್ರಕಟಿಸಿದ್ದ. ಇನ್ನು ಇಡೀ ಮುಖದ ಮರುರಚನೆ ಒಂದು ಶಾಸ್ತ್ರವಾಗಿ ನೆಲೆಗೊಂಡದ್ದು ಮೊದಲ ಮಹಾಯುದ್ಧದಲ್ಲಿ. ಕಂದಕದಿಂದ ತಲೆ ಎತ್ತಿದ ಸೈನಿಕರ ಮುಖವನ್ನು ಗುಂಡೂ ಸಿಡಿಚೂರೂ ಹರಿದುಹಾಕುತ್ತಿದ್ದವು. ನ್ಯೂಜಿಲೆಂಡಿನಲ್ಲಿ ಹುಟ್ಟಿದ ಹೆರಾಲ್ಡ್ ಗಿಲೀಸ್ 1917ರಲ್ಲಿ ಇಂಗ್ಲೆಂಡಿನ ಸಿಡ್‌ಕಪ್ಪಿನಲ್ಲಿ ಇಂಥವರಿಗೆಂದೇ ತೆರೆದ ಆಸ್ಪತ್ರೆಯಲ್ಲಿ ಐದು ಸಾವಿರಕ್ಕೂ ಹೆಚ್ಚು ಮಂದಿಗೆ ಹನ್ನೊಂದು ಸಾವಿರಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳು ನಡೆದವು. ಲೆಕ್ಕ ಹಾಕಿದರೆ ಒಬ್ಬೊಬ್ಬರಿಗೂ ಎರಡಕ್ಕಿಂತ ಹೆಚ್ಚು. ಗಾಯದ ಅಂಚುಗಳನ್ನು ಎಳೆದು ಹೊಲಿದು ಮುಖವನ್ನು ವಿಕಾರ ಮಾಡುವ ಬದಲು, ಉಳಿದದ್ದನ್ನು ಮೊದಲು ಅದರದರ ಜಾಗಕ್ಕೆ ಸೇರಿಸಿ, ಆಮೇಲೆ ಎಷ್ಟು ಕಡಿಮೆಯಾಗಿದೆಯೋ ಅಷ್ಟನ್ನು ಬೇರೆಡೆಯಿಂದ ತರಬೇಕೆಂಬ ಅವರ ಪಾಠವನ್ನು ನಾವು ಇಂದಿಗೂ ಪಾಲಿಸುತ್ತೇವೆ.

ಪ್ರಶ್ನೆ: ಅಪಘಾತದ ಹೊಲಿಗೆ ಬಿಚ್ಚಿ ಎರಡು ತಿಂಗಳಾಯಿತು. ಕಲೆ ಕೆಂಪಾಗಿ ಉಬ್ಬುತ್ತಿದೆ. ಲೇಸರ್ ಮಾಡಿಸಲೇ?
— ದಾವಣಗೆರೆ

ಉತ್ತರ: ಎರಡರಿಂದ ನಾಲ್ಕನೆಯ ತಿಂಗಳಲ್ಲಿ ಕಲೆ ಅತಿ ಕೆಟ್ಟದಾಗಿ ಕಾಣುವುದು ಸಹಜ, ಅದು ಮಾಗಲು ಒಂದರಿಂದ ಒಂದೂವರೆ ವರ್ಷ ಬೇಕು. ಅಲ್ಲಿಯವರೆಗೆ ದಿನಕ್ಕೆ ಎರಡು ಮೂರು ಸಲ ಬೆರಳಿನಿಂದ ಒತ್ತಿ ತೀಡಿ, ಸಿಲಿಕೋನ್ ಜೆಲ್ ಹಚ್ಚಿ, ಬಿಸಿಲಿನಿಂದ ಕಾಪಾಡಿ. ಕಲೆ ಗಾಯದ ಎಲ್ಲೆ ದಾಟಿ ಹರಡುತ್ತಿದ್ದರೆ ಅಥವಾ ರೆಪ್ಪೆಯನ್ನೋ ತುಟಿಯನ್ನೋ ಎಳೆಯುತ್ತಿದ್ದರೆ ಕಾಯದೆ ಪ್ಲಾಸ್ಟಿಕ್ ಸರ್ಜನ್ ಬಳಿಗೆ ಹೋಗಿ. ಲೇಸರ್ ಮಾಡಿಸಬೇಕೇ, ಯಾವಾಗ ಎಂಬುದನ್ನು ಅವರು ನಿರ್ಧರಿಸಲಿ.

ಪ್ರಶ್ನೆ: ಇಷ್ಟೆಲ್ಲ ಕಷ್ಟವೇಕೆ? ಮೃತರ ಮುಖವನ್ನೇ ಕಸಿ ಮಾಡಬಹುದಲ್ಲವೇ?
— ಬೆಂಗಳೂರು

ಉತ್ತರ: ಆಗುತ್ತದೆ. 2005ರ ನವೆಂಬರಿನಲ್ಲಿ ಫ್ರಾನ್ಸಿನ ಅಮಿಯಾಂ ನಗರದಲ್ಲಿ, ನಾಯಿಯಿಂದ ಮೂಗು, ತುಟಿ, ಗಲ್ಲ ಕಳೆದುಕೊಂಡ ಇಸಾಬೆಲ್ ದಿನ್ವಾರ್ ಅವರಿಗೆ ಮೊದಲ ಭಾಗಶಃ ಮುಖಕಸಿ ನಡೆಯಿತು. 2010ರಲ್ಲಿ ಸ್ಪೇನಿನ ಬಾರ್ಸಿಲೋನಾದಲ್ಲಿ ಪೂರ್ಣ ಮುಖಕಸಿಯೂ ಆಯಿತು. ಆದರೆ ಪರರ ಅಂಗವನ್ನು ದೇಹ ತಳ್ಳದಿರಲು ಜೀವನಪೂರ್ತಿ ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧಿ ನುಂಗಬೇಕು, ಅದರಿಂದ ಸೋಂಕು ಮತ್ತು ಕ್ಯಾನ್ಸರಿನ ಅಪಾಯ ಹೆಚ್ಚುತ್ತದೆ. ದಿನ್ವಾರ್ 2016ರಲ್ಲಿ ತೀರಿಕೊಂಡರು. ತನ್ನ ಮೈಯ ಚರ್ಮ, ಮೂಳೆಗಳಿಂದ ರೆಪ್ಪೆಯನ್ನೂ ತುಟಿಯನ್ನೂ ಆಡಿಸುವಂತೆ ಕಟ್ಟಲು ಆಗದೇ ಹೋದ ಕೆಲವೇ ಮಂದಿಗೆ ಮಾತ್ರ ಇದು ತಕ್ಕದ್ದೆಂದು ನನ್ನ ಅಭಿಪ್ರಾಯ.

ಪ್ರಶ್ನೆ: ಆಸ್ಪತ್ರೆಯಿಂದ ಯಜಮಾನರು ಮುಂದಿನ ವಾರ ಮನೆಗೆ ಬರುತ್ತಾರೆ. ಮುಖ ಗುರುತು ಸಿಗದಂತಾಗಿದೆ. ಮನೆಯ ಕನ್ನಡಿಗಳನ್ನೆಲ್ಲ ತೆಗೆದಿಟ್ಟಿದ್ದೇನೆ. ಐದು ವರ್ಷದ ಮಗಳು ಹೆದರಿಯಾಳು ಎಂದು ತವರಿಗೆ ಕಳಿಸಲೇ?
— ಧಾರವಾಡ ಜಿಲ್ಲೆಯ ಓದುಗರು

ಉತ್ತರ: ಮಗಳನ್ನು ಕಳಿಸಬೇಡಿ. ಸಿಡ್‌ಕಪ್ಪಿನ ಆ ಆಸ್ಪತ್ರೆಯ ವಾರ್ಡುಗಳಲ್ಲಿಯೂ ಕನ್ನಡಿ ಇಡುತ್ತಿರಲಿಲ್ಲ, ಆದರೂ ಸೈನಿಕರು ತಮ್ಮ ಮುಖವನ್ನು ಹೇಗೋ ಕಂಡುಕೊಳ್ಳುತ್ತಿದ್ದರು. ಊರಿಗೆ ಹೋಗುವ ದಾರಿಯ ಕೆಲವು ಬೆಂಚುಗಳಿಗೆ ನೀಲಿ ಬಣ್ಣ ಬಳಿದು, ಅಲ್ಲಿ ಕುಳಿತವರ ಮುಖ ಕಂಡು ಬೆಚ್ಚಬೇಡಿ ಎಂದು ಊರವರಿಗೆ ಮುಂಚೆಯೇ ತಿಳಿಸಿದ್ದರು. ನಿಮ್ಮ ಯಜಮಾನರೂ ಮೊಬೈಲಿನ ಗಾಜಿನಲ್ಲಿ ಈಗಾಗಲೇ ನೋಡಿಕೊಂಡಿರಬಹುದು. ಮನೆಗೆ ಬರುವ ಮೊದಲು ಆಸ್ಪತ್ರೆಯಲ್ಲಿಯೇ, ಆಪರೇಷನ್ ಮಾಡಿದ ವೈದ್ಯರೋ ನರ್ಸೋ ಜೊತೆಗಿರುವಾಗ, ಮುಂದೆ ಏನೇನು ಆಗಲಿಕ್ಕಿದೆ ಎಂದು ಬೆರಳಿಟ್ಟು ತೋರಿಸುತ್ತ ಅವರಿಗೆ ಕನ್ನಡಿ ಕೊಡುವಂತೆ ಕೇಳಿ. ಅನಂತರ ಮನೆಯ ಕನ್ನಡಿಗಳನ್ನು ಇದ್ದಲ್ಲಿಯೇ ತೂಗುಹಾಕಿ. ರಾತ್ರಿ ನಿದ್ದೆ ಬರದೆ, ಉಣ್ಣದೆ, ಬದುಕಿ ಫಲವಿಲ್ಲವೆಂಬ ಮಾತು ಬಂದರೆ ಮನೋವೈದ್ಯರನ್ನು ಕಾಣಲು ತಡಮಾಡಬೇಡಿ.

ಮಗಳಿಗೆ ಇಂದಿನಿಂದಲೇ ದಿನವೂ ಅಪ್ಪನೊಡನೆ ಫೋನಿನಲ್ಲಿ ಮಾತಾಡಿಸಿ, ದನಿ ಬದಲಾಗಿಲ್ಲವೆಂದು ಅವಳಿಗೆ ತಿಳಿಯಲಿ. ಅಪ್ಪನಿಗೆ ಮುಖಕ್ಕೆ ಗಾಯವಾಗಿದೆ, ಹೊಲಿಗೆ ಹಾಕಿದ್ದಾರೆ, ಇನ್ನೂ ಮಾಡುವುದಿದೆ ಎಂದು ಇದ್ದದ್ದನ್ನು ಇದ್ದಂತೆ ಹೇಳಿ, ಯಜಮಾನರು ಒಪ್ಪಿದರೆ ಈಗಿನ ಫೋಟೊ ಒಂದನ್ನು ತೋರಿಸಿ. ಬಂದ ದಿನ ತೊಡೆಯ ಮೇಲೆ ಕೂರಿಸಲು ಒತ್ತಾಯ ಮಾಡಬೇಡಿ. ಅವಳು ಬಾಗಿಲ ಬಳಿ ನಿಂತು ನೋಡಿದರೆ ನೋಡಲಿ. ಬಿಸ್ಕತ್ತಿನ ಪೊಟ್ಟಣವನ್ನು ಅಪ್ಪನ ಕೈಯಲ್ಲಿಯೇ ಇರಿಸಿ.